ಹೊಸೂರು ಎಂಬ ಹಳೆಯ ಊರು

ಊರ ಹೆಸರಿನ ಮೂಲ ಹುಡುಕುವುದು ಭಾಷಾಶಾಸ್ತ್ರದವರ ಕೆಲಸ, ಕಾವ್ಯ ಓದುವವರಿಗೆ ಅದರಿಂದೇನು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವರ್ಜಿಲನ ‘ಈನಿಯಡ್’ ಕಾವ್ಯವೇ ಇದಕ್ಕೆ ಸಾಕ್ಷಿ. ಕಾರ್ಥೇಜ್ ಎಂಬ ಹೆಸರಿನ ಅರ್ಥ ತಿಳಿದು ಓದಿದರೆ ಅದರ ಮೊದಲ ಸರ್ಗ ಬೇರೆಯದೇ ಆಗಿ ಕಾಣುತ್ತದೆ.

ಇಂದಿನ ಟ್ಯುನೀಷಿಯಾದ ಕಡಲತಡಿಯಲ್ಲಿ ಈ ಬಂದರನ್ನು ಕಟ್ಟಿದವರು ಟೈರ್ ಪಟ್ಟಣದಿಂದ ಹಡಗೇರಿ ಬಂದ ಫಿನೀಷಿಯನ್ನರು. ಪರಂಪರೆಯ ಲೆಕ್ಕದಲ್ಲಿ ಅದು ಕ್ರಿ.ಪೂ. 814. ಅವರು ಇಟ್ಟ ಹೆಸರು ‘ಕರ್ತ್ ಹದಶ್ತ್’. ಕರ್ತ್ ಎಂದರೆ ಊರು, ಹದಶ್ತ್ ಎಂದರೆ ಹೊಸದು. ಅಂದರೆ ನಮ್ಮ ಹೊಸೂರು. ಗ್ರೀಕರ ಬಾಯಲ್ಲಿ ಅದು ‘ಕಾರ್ಖೆದೋನ್’ ಆಯಿತು, ರೋಮನ್ನರಲ್ಲಿ ‘ಕಾರ್ಥಾಗೋ’, ಅರಬ್ಬಿಯಲ್ಲಿ ‘ಕರ್ತಾಜ್’.

ಪರರ ಬಾಯಿಗೆ ಬಿದ್ದ ಹೆಸರು ಮೊದಲು ಕಳೆದುಕೊಳ್ಳುವುದು ಅರ್ಥವನ್ನು. ಕಾರ್ಥೇಜಿನವರು ಸ್ಪೇನಿನಲ್ಲಿ ಕಟ್ಟಿದ ಊರಿಗೂ ಇದೇ ಹೆಸರಿಟ್ಟಾಗ ರೋಮನ್ನರು ಅದನ್ನು ‘ಕಾರ್ಥಾಗೋ ನೋವಾ’ ಎಂದರು. ಹೊಸ ಹೊಸೂರು! ಇಂದಿನ ಕಾರ್ತಹೇನಾ ಅದೇ.

ಅರ್ಥ ಹೋದ ಜಾಗಕ್ಕೆ ಕತೆ ಬರುತ್ತದೆ. ಗ್ರೀಕರು ಊರ ಹೆಸರನ್ನೇ ಮನುಷ್ಯನನ್ನಾಗಿಸಿ ಕಾರ್ಖೆದೋನ್ ಎಂಬ ಸ್ಥಾಪಕನನ್ನು ಕಲ್ಪಿಸಿದರು. ಊರ ನಡುವಿನ ಬಿರ್ಸಾ ಗುಡ್ಡಕ್ಕೆ ಇನ್ನೂ ಸೊಗಸಾದ ಕತೆ. ರಾಣಿ ಡಿಡೋ ಒಂದು ಎತ್ತಿನ ಚರ್ಮ ಆವರಿಸುವಷ್ಟು ನೆಲ ಕೇಳಿ, ಚರ್ಮವನ್ನು ಎಳೆ ಎಳೆಯಾಗಿ ಕತ್ತರಿಸಿ ಇಡೀ ಗುಡ್ಡವನ್ನೇ ಸುತ್ತುವರಿದಳಂತೆ. ಆದರೆ ‘ಬಿರ್ಸಾ’ ಎಂದರೆ ಚರ್ಮ ಎಂಬುದು ಗ್ರೀಕ್ ಭಾಷೆಯಲ್ಲಿ. ಡಿಡೋಳ ನುಡಿ ಗ್ರೀಕ್ ಅಲ್ಲ. ಬೆಂದಕಾಳೂರಿನ ಕತೆಯೂ ಇದೇ ಜಾತಿಯದು. ಅದು ಹೊಯ್ಸಳ ಬಲ್ಲಾಳನಿಗೆ ಅಂಟಿಕೊಂಡಿದೆ, ಆದರೆ ಅವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಬೇಗೂರು ವೀರಗಲ್ಲಿನಲ್ಲೇ ಬೆಂಗಳೂರಿನ ಹೆಸರಿದೆ. ವ್ಯತ್ಯಾಸವೊಂದುಂಟು. ಬೆಂದ ಕಾಳಿನ ಕತೆಯಲ್ಲಿ ಹಸಿದವನಿಗೆ ಉಣಿಸಿದ ಮುದುಕಿಯ ಬಗ್ಗೆ ಕೃತಜ್ಞತೆಯಿದೆ. ಚರ್ಮದ ಕತೆಯಲ್ಲಿರುವುದು, ವಲಸೆ ಬಂದವರು ಜಾಣತನದಿಂದ ನೆಲ ಹೊಡೆದುಕೊಂಡರು ಎಂಬ ಗುಮಾನಿ. ಪರಊರಿನಲ್ಲಿ ಬದುಕು ಕಟ್ಟಿದ ಯಾರಿಗೂ ಈ ಗುಮಾನಿ ಅಪರಿಚಿತವಲ್ಲ.

ಈಗ ವರ್ಜಿಲನ ಬಳಿ ಬರೋಣ. ಕಾವ್ಯದ ಆರಂಭದಲ್ಲೇ ಅವನು ಕಾರ್ಥೇಜನ್ನು ‘ಪುರಾತನ ನಗರ’ ಎಂದು ಪರಿಚಯಿಸುತ್ತಾನೆ. ಅದೇ ಸರ್ಗದಲ್ಲಿ ಮುಂದೆ, ಗೋಡೆಗಳು ಏಳುತ್ತಿರುವಾಗ, ‘ಹೊಸ ಕಾರ್ಥೇಜ್’ ಎನ್ನುತ್ತಾನೆ. ಆ ನುಡಿಯಲ್ಲಿ ಈ ಹೆಸರಿನ ಅರ್ಥವೇ ಹೊಸ ನಗರ ಎಂದು ಪ್ರಾಚೀನ ವ್ಯಾಖ್ಯಾನಕಾರ ಸರ್ವಿಯಸ್ ಅಲ್ಲೇ ಟಿಪ್ಪಣಿ ಬರೆದಿದ್ದಾನೆ. ಇದು ಕವಿಯ ಎಡವಟ್ಟಲ್ಲ. ಕ್ರಿ.ಪೂ. 146ರಲ್ಲಿ ರೋಮ್ ಈ ನಗರವನ್ನು ಸುಟ್ಟು ಕೆಡವಿತ್ತು. ಓದುಗನಿಗೆ ಅದು ಎಂದೋ ಮುಗಿದ ಊರು, ಪಾತ್ರಗಳಿಗೆ ಈಗಷ್ಟೇ ಹುಟ್ಟುತ್ತಿರುವ ಊರು. ವರ್ಜಿಲನ ಕಾಲದಲ್ಲೇ ಆಗಸ್ಟಸ್ ಅದೇ ನೆಲದಲ್ಲಿ ರೋಮನ್ ವಸಾಹತನ್ನು ಎಬ್ಬಿಸುತ್ತಿದ್ದ. ‘ಹೊಸ’ ಎಂಬ ಒಂದು ಪದದಲ್ಲಿ ಹುಟ್ಟು, ಸಾವು, ಮರುಹುಟ್ಟು ಮೂರೂ ಇವೆ.

ಆದರೂ ನನ್ನ ತಕರಾರು ಉಳಿಯುತ್ತದೆ. ಬಿರ್ಸಾ ಹೆಸರಿನ ಕತೆಯನ್ನು ಹೇಳುವವಳು ಡಿಡೋ ಅಲ್ಲ. ಬೇಟೆಗಾತಿಯ ವೇಷದಲ್ಲಿರುವ ವೀನಸ್, ರೋಮ್ ವಂಶದ ಮೂಲಪುರುಷ ಈನಿಯಸನ ತಾಯಿ. ಊರು ಕಟ್ಟಿದವಳಿಗೆ ತನ್ನ ಊರ ಹೆಸರನ್ನು ವಿವರಿಸುವ ಅವಕಾಶ ಸಿಗುವುದಿಲ್ಲ. ಡಿಡೋಳ ದುಃಖಕ್ಕೆ ಅಷ್ಟು ಮಿಡಿಯುವ ಕವಿ ಅವಳ ಹೆಸರನ್ನು ಮಾತ್ರ ಗೆದ್ದವರ ಬಾಯಿಗೆ ಒಪ್ಪಿಸಿದ. ಇತಿಹಾಸವೂ ಹಾಗೇ ನಡೆಯಿತು. ಕಾರ್ಥೇಜಿನ ಮಾಗೋ ಬರೆದ 28 ಸಂಪುಟಗಳ ಕೃಷಿಗ್ರಂಥವನ್ನು ರೋಮಿನ ಸೆನೆಟ್ ಲ್ಯಾಟಿನ್ನಿಗೆ ಮಾಡಿಸಿತು, ಮೂಲ ಉಳಿಯಲಿಲ್ಲ. ಇಂದು ಟ್ಯುನಿಸ್‌ನ ಲೋಕಲ್ ರೈಲಿನಲ್ಲಿ ಕಾರ್ಥೇಜ್ ಸಲಾಂಬೋ ಎಂಬ ನಿಲ್ದಾಣವಿದೆ. ಆ ಬಡಾವಣೆಯ ಹೆಸರು ಬಂದದ್ದು ಫ್ರೆಂಚ್ ಲೇಖಕ ಫ್ಲೋಬೇರ್‌ನ 1862ರ ಕಾದಂಬರಿಯಿಂದ. ಆ ನೆಲಕ್ಕೆ ಹೆಸರಿಡುವ ಕೆಲಸವನ್ನು ಹೊರಗಿನವರು ಇನ್ನೂ ಬಿಟ್ಟಿಲ್ಲ.

ಹಾಗಾಗಿ, ಈ ಕಾವ್ಯವನ್ನು ಕನ್ನಡಕ್ಕೆ ತರುವವರು ‘ಕಾರ್ಥೇಜ್’ ಎಂದು ಬರೆದು ಸುಮ್ಮನಾಗಬಾರದು ಎನ್ನುತ್ತೇನೆ. ಡಿಡೋಳ ಜನ ಕಲ್ಲು ಹೊರುವ ಆ ಭಾಗದಲ್ಲಿ ಒಮ್ಮೆಯಾದರೂ ‘ಹೊಸೂರು’ ಎಂಬ ಪದ ಕೇಳಿಸಬೇಕು. ಅವರು ತಮ್ಮ ಊರನ್ನು ಕರೆದದ್ದು ಹಾಗೆಯೇ.