ಕೆಮ್ಮಣ್ಣೂ ಹಳೆಯ ಕಾರಿನ ಬಣ್ಣವೂ

ಪ್ರದರ್ಶನಕ್ಕೆ ನಾಲ್ಕು ದಿನ ಉಳಿದಿರುವಾಗ ಹಳೆಯ ಅಂಬಾಸಿಡರ್, ಫಿಯಾಟ್ ಸಾಕಿದವರ ಕೈ ಮೊದಲು ಹೋಗುವುದು ರಬ್ಬಿಂಗ್ ಕಾಂಪೌಂಡಿನ ಡಬ್ಬಿಗೆ. ಆ ಡಬ್ಬಿಯ ಮುಚ್ಚಳ ತೆರೆಯದೇ ಕೆಲಸ ಮುಗಿದರೆ ಕಾರಿನ ಪುಣ್ಯ ಎಂಬುದು ನನ್ನ ವಾದ. ಬೀದರಿಗೆ ಸೇರಿದ ನೌಬಾದದಂಥ ಊರಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ, ಅದಕ್ಕೆ ಕಾರಣ ಕಾಲಡಿಯ ಮಣ್ಣು. ಬೀದರ್ ಕೂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಬೇಸಿಗೆಯಲ್ಲಿ ಬಾನೆಟ್ಟನ್ನು ಮುಚ್ಚುವ ಧೂಳಿಗೆ ಕೆಂಪು ಕೊಟ್ಟದ್ದು ಕಬ್ಬಿಣದ ಆಕ್ಸೈಡು. ಅಕ್ಕಸಾಲಿಗರು ಚಿನ್ನಕ್ಕೆ ಕೊನೆಯ ಹೊಳಪು ಕೊಡುವ ಕೆಂಪು ಪುಡಿಯೂ ಇದೇ ವಸ್ತು. ಅದನ್ನು ನುಣ್ಣಗೆ ಅರೆದು ಸೋಸಿರುತ್ತಾರೆ. ರಸ್ತೆಯ ಧೂಳನ್ನು ಸೋಸುವವರು ಯಾರು? ಅದರೊಳಗಿನ ಮರಳಿನ ಕಣ ಮೋಸ್ ಮಾಪಕದಲ್ಲಿ 7ರಷ್ಟು ಗಟ್ಟಿ, ಉಕ್ಕಿನ ಚಾಕುವಿಗಿಂತ ಗಟ್ಟಿ. ಬೆಳಗಾಗೆದ್ದು ಒಣಬಟ್ಟೆಯಲ್ಲಿ ಕಾರು ಒರೆಸುವವರು ದಿನವೂ ಒರಟು ಕಾಂಪೌಂಡ್ ಹಾಕಿ ತಿಕ್ಕುತ್ತಿದ್ದಾರೆ ಎಂದೇ ಲೆಕ್ಕ. ಸಂಜೆಯ ಓರೆಬಿಸಿಲಿನಲ್ಲಿ ಜೇಡರಬಲೆಯಂತೆ ಕಾಣುವ ಗೀರುಗಳು ಹುಟ್ಟುವುದು ಹೀಗೆ. ಆ ಗೀರು ಅಳಿಸಲು ಮತ್ತೆ ಕಾಂಪೌಂಡು.

ಬಣ್ಣ ಒಂದು ಠೇವಣಿ. ಅದಕ್ಕೆ ಬಡ್ಡಿ ಬರುವುದಿಲ್ಲ, ತೆಗೆದಷ್ಟೂ ಕರಗುತ್ತದೆ. ಕಾರ್ಖಾನೆಯ ಬಣ್ಣ, ಅದರಡಿಯ ಪ್ರೈಮರ್ ಎಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100 ಮೈಕ್ರಾನಿನ ಆಸುಪಾಸು, ಹೆಚ್ಚುಕಮ್ಮಿ ಒಂದು ತಲೆಗೂದಲಿನಷ್ಟು. ಹಳೆಯ ಕಾರುಗಳ ಬಣ್ಣದ ಮೇಲೆ ಈಗಿನ ಕಾರುಗಳಲ್ಲಿರುವ ಪಾರದರ್ಶಕ ಲೇಪ ಇರುವುದಿಲ್ಲ. ಹಾಗಾಗಿ ಪಾಲಿಶ್ ಮಾಡುವಾಗ ಬಟ್ಟೆಗೆ ಹತ್ತುವ ಬಿಳುಪೋ ನೀಲಿಯೋ ಕಾರಿನ ಬಣ್ಣವೇ. ಬಾನೆಟ್ಟಿನ ಅಂಚು, ಬಾಗಿಲಿನ ಏಣುಗಳಲ್ಲಿ ಅದು ಇನ್ನೂ ತೆಳು. ಯಂತ್ರದಲ್ಲಿ ಬಫಿಂಗ್ ಮಾಡಿದರೆ ಮೊದಲು ಪ್ರೈಮರ್ ಇಣುಕುವುದು ಅಲ್ಲಿಂದಲೇ. ಬಂಪರಿನ ಕ್ರೋಮ್ ಲೇಪವಂತೂ ಒಂದು ಮೈಕ್ರಾನೂ ಇರುವುದಿಲ್ಲ, ಅದರಡಿಯ ನಿಕಲ್ ಹಳದಿಯಾಗಿ ಕಾಣತೊಡಗಿದರೆ ಮನೆಯಲ್ಲಿ ಮಾಡಬಹುದಾದದ್ದು ಏನೂ ಇಲ್ಲ.

ಈ ಮಾತು ಬೀದರಿನವರಿಗೆ ಹೊಸದೆನಿಸಬಾರದು. ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿದ ನೀರಿನಲ್ಲಿ ಅದ್ದಿದಾಗ ಇಲ್ಲಿನ ಬಿದ್ರಿ ಕುಸುರಿಯ ಕಪ್ಪು ಬರುತ್ತದೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಮೇಲ್ಮೈಯಲ್ಲಷ್ಟೇ ಇರುವ ಪೊರೆ. ಹಿತ್ತಾಳೆ ಪಾಲಿಶಿನಿಂದ ಹೂದಾನಿಯನ್ನು ತಿಕ್ಕಿದವರ ಮನೆಯಲ್ಲಿ ಬೆಳ್ಳಿ ಮಿಂಚುತ್ತದೆ, ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ. ಕಪ್ಪಿಲ್ಲದ ಮೇಲೆ ಬೆಳ್ಳಿ ಯಾವುದರ ಎದುರು ಮಿಂಚಬೇಕು? ಬಲ್ಲವರು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಒಂದು ಹನಿ ಎಣ್ಣೆ ಸವರಿ ಬಿಡುತ್ತಾರೆ. ಹಳೆಯ ಕಾರಿಗೆ ಬೇಕಾದ ಆರೈಕೆಯೂ ಇಷ್ಟೇ: ಚೆನ್ನಾಗಿ ತೊಳೆಯುವುದು, ಆಮೇಲೆ ತೆಳುವಾಗಿ ಮೇಣ ಹಚ್ಚುವುದು.

ತೊಳೆಯುವುದನ್ನು ಕೀಳು ಕೆಲಸವೆಂದು ಹುಡುಗರ ಕೈಗೆ ಬಿಡುತ್ತಾರೆ, ನಿಜವಾದ ಕುಶಲತೆ ಇರುವುದು ಅಲ್ಲಿ. ಕಾರು ನೆರಳಿನಲ್ಲಿರಬೇಕು, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಮೊದಲು ಬರೀ ನೀರು ಸುರಿದು ಧೂಳು ತಾನಾಗಿ ಇಳಿಯಲು ಬಿಡಬೇಕು, ಬಟ್ಟೆ ಅದಕ್ಕೂ ಮುಂಚೆ ತಾಕಕೂಡದು. ಎರಡು ಬಕೆಟ್ಟು ಇರಲಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ನೀರು. ಎರಡನೆಯದರ ತಳದಲ್ಲಿ ಕೂರುವ ಕೆಂಪು ಗಸಿ ನೋಡಿದವರಿಗೆ ಒಂದೇ ಬಕೆಟ್ಟಿನ ಅಪಾಯ ಅರ್ಥವಾಗುತ್ತದೆ. ಮೇಲಿಂದ ಕೆಳಗೆ, ನೇರ ಗೆರೆಯಲ್ಲಿ, ಭಾರ ಹಾಕದೆ. ಪಾತ್ರೆ ತೊಳೆಯುವ ಸೋಪು ಹಳೆಯ ಮೇಣವನ್ನೂ ಕಿತ್ತೊಯ್ಯುತ್ತದೆ. ನೀರಿನದೂ ಒಂದು ಕಥೆ. ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆನೀರು ಕೆಳಗಿನ ಕರಿಕಲ್ಲಿಗೆ ತಡೆದು ನಿಲ್ಲುತ್ತದೆಂಬುದನ್ನು ಅರಿತೇ ಬಹಮನಿಗಳ ಕಾಲದಲ್ಲಿ ನೌಬಾದದ ಕರೇಜ್ ಎಂಬ ನೆಲದಡಿಯ ಕಾಲುವೆ ತೋಡಿದರು. ಇಂದು ಆಳದ ಕರಿಕಲ್ಲಿಗೆ ಕೊರೆದ ಬೋರ್‌ವೆಲ್ಲಿನಲ್ಲಿ ಬರುವುದು ಹೆಚ್ಚಾಗಿ ಗಡಸು ನೀರು, ಬಿಸಿಲಿಗೆ ಒಣಗಿದರೆ ಸುಣ್ಣದ ಬಳೆಗಳನ್ನು ಬಿಟ್ಟುಹೋಗುತ್ತದೆ. ಕೊನೆಯ ಜಾಲಿಕೆಗೆ ಹಿಡಿದಿಟ್ಟ ಮಳೆನೀರಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ತೀರ್ಪುಗಾರರು ಹೊಳಪಿಗೇ ಅಂಕ ಕೊಡುತ್ತಾರೆ ಎಂಬ ಆಕ್ಷೇಪವಿದೆ. ಒಂದು ಕಾಲಕ್ಕೆ ಅದು ನಿಜವಿತ್ತು. ಆದರೆ ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಜೀರ್ಣೋದ್ಧಾರಕ್ಕಿಂತ ಸಂರಕ್ಷಣೆಯನ್ನು ಮುಂದಿಟ್ಟಿತು. 2024ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಪ್ರದರ್ಶನದ ಅತ್ಯುನ್ನತ ಪ್ರಶಸ್ತಿ ಸಂದದ್ದು 1934ರ ಬುಗಾಟಿ ಟೈಪ್ 59ಕ್ಕೆ, ಸವೆದ ಕಪ್ಪು ಬಣ್ಣವನ್ನು ಹಾಗೇ ಉಳಿಸಿಕೊಂಡ ಕಾರಿಗೆ. ಸಂರಕ್ಷಣೆಯ ವರ್ಗದ ಕಾರೊಂದು ಅಲ್ಲಿ ಆ ಪಟ್ಟ ಪಡೆದದ್ದು ಅದೇ ಮೊದಲು. ನಮ್ಮಲ್ಲೂ 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿ ವಿಂಟೇಜ್ ಎಂದು ಗುರುತಿಸುವುದು 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ವಾಹನವನ್ನು.

ಹಾಗಾದರೆ ಸುಣ್ಣದಂತೆ ಮಂಕಾದ ಬಣ್ಣವನ್ನೂ ಹಾಗೇ ಬಿಡಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬಿಡಬೇಕಿಲ್ಲ. ಅತಿ ನುಣುಪಾದ ಪಾಲಿಶನ್ನು ಕೈಯಿಂದಲೇ, ಮೊದಲು ಡಿಕ್ಕಿಯ ಒಳಅಂಚಿನಲ್ಲಿ ಪರೀಕ್ಷಿಸಿ, ಬಣ್ಣ ಎದ್ದ ತಕ್ಷಣ ನಿಲ್ಲಿಸಬೇಕು. ಗೀರು ಪೂರ್ತಿ ಹೋಗುವವರೆಗೆ ತಿಕ್ಕುತ್ತೇನೆಂಬ ಹಟವೇ ಕೇಡು. ತುಕ್ಕಿನ ವಿಷಯ ಬೇರೆ, ಅದು ವಯಸ್ಸಿನ ಗುರುತಲ್ಲ, ಕಾಯಿಲೆ. ಚಕ್ರದ ಕಮಾನಿನೊಳಗೆ, ಬಾಗಿಲಿನ ತಳದಲ್ಲಿ ಕಂಡಲ್ಲಿ ತಡೆಯಲೇಬೇಕು. ಈಗಾಗಲೇ ಎರಡು ಸಲ ಬಣ್ಣ ಬಳಿಸಿದ ಕಾರಿಗೆ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಮೂರನೆಯ ಸಲ ಬಳಿಸುವ ಖರ್ಚು ನೆನೆದರೂ ಸಾಕು.

ಇಷ್ಟಾದ ಮೇಲೂ ಪ್ರದರ್ಶನದ ಮೈದಾನದವರೆಗಿನ ದಾರಿ ಉಳಿದೇ ಇರುತ್ತದೆ: ನೌಬಾದದಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್, ಬೆಂಗಳೂರಿಗೆ 700ರ ಹತ್ತಿರ. ಮೈದಾನ ತಲುಪುವ ಹೊತ್ತಿಗೆ ಧೂಳು ಮತ್ತೆ ಕೂತಿರುತ್ತದೆ. ಎಲ್ಲರೂ ನೋಡುತ್ತಿದ್ದಾರೆಂಬ ಅವಸರದಲ್ಲಿ ಒಣಬಟ್ಟೆ ಕೈಗೆ ಬರುವುದು ಆಗಲೇ. ಡಿಕ್ಕಿಯಲ್ಲಿ ಒಂದು ಕ್ಯಾನು ನೀರು, ಒಂದು ಸ್ಪ್ರೇ ಬಾಟಲಿ, ನಾಲ್ಕು ಶುಚಿಯಾದ ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಂಡು ಹೊರಡಿ.