ಭೂತ ನುಡಿದರೆ ನಂಬಬಹುದೇ?

2024ರಲ್ಲಿ ಪುತ್ತೂರಿನ ಕಡೆಯ ಒಂದು ಕುಟುಂಬದವರು ಪತ್ರಿಕೆಯಲ್ಲಿ ವರ ಬೇಕೆಂದು ಜಾಹೀರಾತು ಕೊಟ್ಟಿದ್ದರು. ಕನ್ಯೆ ತೀರಿಕೊಂಡು 30 ವರ್ಷಗಳಾಗಿದ್ದವು. ವರನೂ ಅಷ್ಟೇ ವರ್ಷಗಳ ಹಿಂದೆ ತೀರಿಕೊಂಡವನಾಗಿರಬೇಕಿತ್ತು. ಬೆಂಗಳೂರಿನ ಮಿತ್ರರೊಬ್ಬರು ಅದನ್ನು ನನಗೆ ಕಳುಹಿಸಿ, "ನಿಮ್ಮ ಕಡೆ ದೆವ್ವಗಳಿಗೂ ಹೆಣ್ಣು ಗಂಡು ನೋಡುವುದುಂಟೇ?" ಎಂದು ಕೇಳಿದರು. ಮೂಡುಬಿದಿರೆಯಲ್ಲಿ ಬೆಳೆದ ನನಗೆ ಅದನ್ನೋದಿ ನಗು ಬರಲಿಲ್ಲ. ಮದುವೆಯಾಗದೆ ಸತ್ತವರಿಗೆ ಮದುವೆ ಮಾಡಿಸುವ 'ಕುಲೆ ಮದಿಮೆ' ತುಳುನಾಡಿನವರಿಗೆ ಹೊಸತಲ್ಲ. ಆದರೆ ಮಿತ್ರರ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆಯಿತ್ತು: ದೆವ್ವ ಎಂಬುದು ಇದೆಯೇ? ಅದರ ಪರವಾಗಿ ಮಾತನಾಡುವವನನ್ನು ನಂಬಬಹುದೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸತ್ತವರು ಬಂದು ಮಾತನಾಡುತ್ತಾರೆಂಬುದಕ್ಕೆ ಪರೀಕ್ಷೆಯಲ್ಲಿ ನಿಲ್ಲಬಲ್ಲ ಪುರಾವೆ ಯಾವುದನ್ನೂ ನಾನು ಕಂಡಿಲ್ಲ. ಆದರೆ ಇಷ್ಟು ಹೇಳಿ ಕೈತೊಳೆದುಕೊಂಡರೆ, ಒಂದು ನಾಡಿನ ಜನ ಶತಮಾನಗಳಿಂದ ಭೂತದ ಬಾಯಲ್ಲಿ ಏನನ್ನು ಆಡಿಸುತ್ತ ಬಂದಿದ್ದಾರೆ ಎಂಬ ವಿಷಯ ಕೈಬಿಟ್ಟು ಹೋಗುತ್ತದೆ. ನಮ್ಮ ಸಾಹಿತ್ಯ ಅದನ್ನು ಹೇಗೆ ಕಂಡಿದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಮಾತಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಘಟ್ಟದ ಮೇಲಿನವರಿಗೆ ಭೂತವೆಂದರೆ ದೆವ್ವ. ನಮ್ಮಲ್ಲಿ ಸತ್ತವರ ಪ್ರೇತ 'ಕುಲೆ'. ಭೂತವೋ ನೇಮ ಕೋಲಗಳನ್ನು ಪಡೆಯುವ ದೈವ. ತುಳುವರ ಪಾಡ್ದನಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದ ಬರ್ನೆಲ್ ಸಾಹೇಬರ ಬರಹ, ಅವರು ತೀರಿಕೊಂಡ ಮೇಲೆ, 1894ರಿಂದ ಅಚ್ಚಾದಾಗ ಅದರ ತಲೆಬರಹದಲ್ಲೇ 'ಪಿಶಾಚಪೂಜೆ' ಎಂಬ ಅರ್ಥದ ಮಾತು ಕೂತಿತ್ತು. ಸಂಗ್ರಹ ಅಮೂಲ್ಯವಾದದ್ದು, ಹೆಸರು ಮಾತ್ರ ತಪ್ಪು.

ಆದರೆ ಕುಲೆಗೂ ಭೂತಕ್ಕೂ ನಂಟೇ ಇಲ್ಲವೆನ್ನುವಂತಿಲ್ಲ. ಅನ್ಯಾಯವಾಗಿ ಅಳಿದ ಮನುಷ್ಯರೇ ದೈವಗಳಾದ ಕಥೆಗಳು ನಮ್ಮಲ್ಲಿ ಅನೇಕ. ನಮ್ಮೂರಿನ ಬಡಗಿಗೆ ಕಾರ್ಕಳ, ಮೂಡಿಗೆ ವೇಣೂರು. ಎರಡೂ ಕಡೆ ಗೊಮ್ಮಟನಿದ್ದಾನೆ. ಕಾರ್ಕಳದ ಮೂರ್ತಿಯನ್ನು ಕಡೆದ ಕಲ್ಕುಡ ಇನ್ನೆಲ್ಲಿಯೂ ಅಂಥದನ್ನು ಕಡೆಯಬಾರದೆಂದು ಅರಸು ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಉಳಿದ ಕೈಕಾಲಿನಲ್ಲೇ ಅವನು ವೇಣೂರಿನ ಮೂರ್ತಿಯನ್ನು ಕಡೆದನಂತೆ. ಮುಂದೆ ಅವನೂ ತಂಗಿ ಕಲ್ಲುರ್ಟಿಯೂ ಭೂತಗಳಾಗಿ ಅರಸುಮನೆಯನ್ನು ಕಾಡಿದರೆಂದು ಪಾಡ್ದನ ಹೇಳುತ್ತದೆ. ಈಗ ಇತಿಹಾಸವನ್ನು ಕೇಳೋಣ: ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷಗಳ ಅಂತರ. ಎರಡನ್ನೂ ಒಬ್ಬನೇ ಶಿಲ್ಪಿ ಕಡೆದಿರಲು ಸಾಧ್ಯವಿಲ್ಲ. ಕೋಲದ ರಾತ್ರಿ ದೈವ ತಾನೇ ಮೈದುಂಬಿ ಬಂದು ಈ ಕಥೆಗೆ ಸಾಕ್ಷಿ ನುಡಿದರೂ ಲೆಕ್ಕ ಸರಿಹೋಗುವುದಿಲ್ಲ.

ಹಾಗಾದರೆ ಕಲ್ಕುಡನ ಕಥೆ ಸುಳ್ಳೇ? ತಾರೀಖಿನ ಮಟ್ಟಿಗೆ ಹೌದು. ಆದರೆ ಕಾರ್ಕಳದ ಶಾಸನ ಉಳಿಸಿದ್ದು ಮೂರ್ತಿಯನ್ನು ನಿಲ್ಲಿಸಿದ ವೀರಪಾಂಡ್ಯನ ಹೆಸರನ್ನು. ಕೆಲಸ ಮಾಡಿದ ಕೈ ಯಾರದು, ಆ ಕೈಗೆ ದೊರೆತ ಪ್ರತಿಫಲವೇನು ಎಂಬ ಪ್ರಶ್ನೆಯನ್ನು ಉಳಿಸಿದ್ದು ಪಾಡ್ದನ. ಭೂತದ ಮಾತನ್ನು ಇತಿಹಾಸದ ದಾಖಲೆಯೆಂದು ಓದಿದರೆ ಮೋಸ ಹೋಗುತ್ತೇವೆ. ಅನ್ಯಾಯಕ್ಕೊಳಗಾದವರ ದೂರೆಂದು ಓದಿದರೆ ಅದರಷ್ಟು ನಿಷ್ಠುರವಾದ ದೂರು ಬೇರೆ ಸಿಕ್ಕುವುದು ಕಷ್ಟ.

ಇನ್ನು ಮಾತನಾಡುವವನ ವಿಷಯ. ಪಶ್ಚಿಮದಲ್ಲಿ ಪ್ರೇತಸಂಭಾಷಣೆಯ ಗೀಳು ಹತ್ತಿದ್ದು 1848ರಲ್ಲಿ, ನ್ಯೂಯಾರ್ಕ್ ಸೀಮೆಯ ಫಾಕ್ಸ್ ಸೋದರಿಯರ ಮನೆಯಲ್ಲಿ ಕೇಳಿಬಂದ ಟಕಟಕ ಸದ್ದಿನಿಂದ. 1888ರಲ್ಲಿ ಅವರಲ್ಲೊಬ್ಬಳು ಸಭೆಯ ಮುಂದೆ, ಆ ಸದ್ದು ತಮ್ಮ ಕಾಲ್ಬೆರಳಿನ ಗಂಟುಗಳದೆಂದು ಒಪ್ಪಿಕೊಂಡಳು. ಮರುವರ್ಷ ಒಪ್ಪಿದ್ದನ್ನು ಹಿಂದಕ್ಕೆ ತೆಗೆದುಕೊಂಡಳು. ಆ ವ್ಯವಹಾರವೆಲ್ಲ ಬಹುಮಟ್ಟಿಗೆ ಮುಚ್ಚಿದ ಕೋಣೆಯದು, ಆರಿಸಿದ ದೀಪದ್ದು, ಹಣ ಕೊಟ್ಟು ಬಂದ ನಾಲ್ಕು ಜನರದು. ನಮ್ಮ ಕೋಲ ಹಾಗಲ್ಲ. ಅಂಗಳದಲ್ಲಿ ದೀವಟಿಗೆಯ ಬೆಳಕು, ಸುತ್ತ ಇಡೀ ಊರು. ಕಟ್ಟುವವನು ನಲಿಕೆ, ಪರವ, ಪಂಬದ ಎಂಬ ದಲಿತ ಸಮುದಾಯಗಳವನು. ಎಣ್ಣೆಬೂಳ್ಯ ಪಡೆದು, ಮಿಂದು, ಮುಖಕ್ಕೆ ಅರದಳ ಬಳಿದುಕೊಂಡು, ತನ್ನವರ ಪಾಡ್ದನ ಕೇಳುತ್ತ ಸಿದ್ಧನಾಗುತ್ತಾನೆ. ಗಗ್ಗರ ಕೈಗೆ ಬಂದೊಡನೆ ಅವನ ಮೈ ನಡುಗುತ್ತದೆ. ಅದು ನಟನೆಯೇ, ಆವೇಶವೇ? ಚಿಕ್ಕಂದಿನಿಂದ ಕಲಿತು ಬಂದ ವಿದ್ಯೆಯಲ್ಲಿ ಇವೆರಡರ ನಡುವೆ ಗೆರೆ ಎಳೆಯುವುದು ಕಟ್ಟಿದವನಿಗೇ ಸುಲಭವಲ್ಲವೆಂದು ನನ್ನ ಊಹೆ. ಹಗಲು ಜಗಲಿ ಹತ್ತಲಾರದಿದ್ದವನ ಮುಂದೆ ರಾತ್ರಿ ಗುತ್ತಿನ ಯಜಮಾನ ಕೈಮುಗಿದು ನಿಲ್ಲುತ್ತಾನೆಂಬುದು ಮಾತ್ರ ಊಹೆಯಲ್ಲ.

ನಾನು ಕಂಡ ಒಂದು ನೇಮದಲ್ಲಿ ಅಣ್ಣತಮ್ಮಂದಿರ ನಡುವೆ ತೋಟದ ನೀರಿನ ವ್ಯಾಜ್ಯವಿತ್ತು. "ನಾನಿದ್ದೇನೆ, ಸರಿಮಾಡಿ ಕೊಡುತ್ತೇನೆ" ಎಂದು ದೈವ ಅಭಯ ಕೊಟ್ಟಿತು. ತಮ್ಮನ ಮನೆಯ ಮುದುಕಿಯೊಬ್ಬಳು ಮುಂದೆ ಬಂದು ಕೈಮುಗಿದು, "ಹೋದ ವರ್ಷವೂ ಇದೇ ಅಪ್ಪಣೆಯಾಗಿತ್ತು ಸ್ವಾಮೀ, ನೀರು ಮಾತ್ರ ಇನ್ನೂ ಬಂದಿಲ್ಲ" ಎಂದಳು. ಅಂಗಳವೆಲ್ಲ ಸ್ತಬ್ಧವಾಯಿತು. ದೈವ ಒಂದು ಸುತ್ತು ತಿರುಗಿ ನಿಂತು, ಅಣ್ಣನನ್ನು ಎದುರಿಗೆ ಕರೆಸಿ, ದಿನದ ಗಡುವು ಹಾಕಿತು. ಆ ರಾತ್ರಿ ನನಗೆ ನಂಬಿಕೆ ಹುಟ್ಟಿದ್ದು ಭೂತದ ಮೇಲಲ್ಲ, ಭೂತವನ್ನು ಮರಳಿ ಕೇಳಬಲ್ಲ ಆ ಮುದುಕಿಯ ಮೇಲೆ. ಎದುರು ಪ್ರಶ್ನೆಗೆ ಎಡೆಯಿರುವಷ್ಟು ಕಾಲ ನುಡಿಗೆ ಬೆಲೆಯುಂಟು.

ಇದೇ ಒರೆಗಲ್ಲಿಗೆ ನಮ್ಮ ಕೃತಿಗಳನ್ನು ಹಚ್ಚಿ ನೋಡಬಹುದು. ಶಿವರಾಮ ಕಾರಂತರ 'ಚೋಮನ ದುಡಿ' (1933) ಕಾದಂಬರಿಯಲ್ಲಿ ಬೇಸಾಯಕ್ಕೆ ತುಂಡು ಭೂಮಿ ಸಿಕ್ಕೀತೆಂಬ ಆಸೆಯಿಂದ ಚೋಮ ಮತ ಬಿಡಲು ಹೊರಡುತ್ತಾನೆ. ಪಂಜುರ್ಲಿಯ ಮೇಲಿನ ಭಯಭಕ್ತಿ ಅವನನ್ನು ಹಿಂದಕ್ಕೆ ತಿರುಗಿಸುತ್ತದೆ. ಪಂಜುರ್ಲಿ ನಿಜವಾಗಿ ಅಡ್ಡ ನಿಂತಿತೇ ಎಂಬ ತೀರ್ಪನ್ನು ಕಾರಂತರು ಕೊಡುವುದಿಲ್ಲ. ಚೋಮನ ಪಾಲಿಗೆ ಅದು ಇದೆ, ಅಷ್ಟು ಸಾಕು. ಅವನ ಆತ್ಮಗೌರವವನ್ನು ಕಾಯುವ ದೈವವೇ ಅವನನ್ನು ಧಣಿಯ ಹಟ್ಟಿಗೆ ಮರಳಿ ಕಟ್ಟಿಹಾಕುತ್ತದೆ. ನಂಬಿಕೆಯನ್ನು ಗೇಲಿ ಮಾಡದೆ, ಅದು ಕೇಳುವ ಬೆಲೆಯನ್ನೂ ಮುಚ್ಚಿಡದೆ ಬರೆದ ಇಂಥ ಪುಟಗಳು ಕನ್ನಡದಲ್ಲಿ ವಿರಳ.

ಅದೇ ಕಾರಂತರು 'ಮೂಕಜ್ಜಿಯ ಕನಸುಗಳು' (1968) ಕೃತಿಯಲ್ಲಿ ಕಾಣದ್ದನ್ನು ಕಾಣುವ ಒಬ್ಬ ಅಜ್ಜಿಯನ್ನೇ ನಡುವೆ ಕೂರಿಸಿದರು. ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಮೂಕಜ್ಜಿಗೆ ಅದರ ಹಿಂದಿನ ಕಾಲ ಗೋಚರಿಸುತ್ತದೆ. ದೇವರನ್ನೇ ಪ್ರಶ್ನಿಸಿದ ಲೇಖಕರು ಇಂಥವಳನ್ನು ಏಕೆ ಸೃಷ್ಟಿಸಿದರು ಎಂದು ಹುಬ್ಬೇರಿಸಿದವರುಂಟು. ನನಗೆ ಅದರಲ್ಲಿ ವಿರೋಧ ತೋರುವುದಿಲ್ಲ. ಅಜ್ಜಿ ಕಾಣಿಕೆ ಪಡೆಯುವುದಿಲ್ಲ, ಯಾರಿಗೂ ಶಾಪ ಹಾಕುವುದಿಲ್ಲ. ಮೊಮ್ಮಗ ಸುಬ್ರಾಯ ಕೆದಕಿ ಕೆದಕಿ ಕೇಳುತ್ತಾನೆ, ಅವಳು ಬೇಸರಿಸದೆ ಮಾತು ಮುಂದುವರಿಸುತ್ತಾಳೆ. ಪ್ರಶ್ನೆಯನ್ನು ಸಹಿಸುವ ಕಾಣ್ಕೆ ಅವಳದು.

ಇನ್ನು 2022ರ 'ಕಾಂತಾರ'. ಚಲನಚಿತ್ರವನ್ನು ಸಾಹಿತ್ಯದ ಪುಟದಲ್ಲಿ ತರುವುದಕ್ಕೆ ಕ್ಷಮೆ ಬೇಡುವುದಿಲ್ಲ; ಭೂತಾರಾಧನೆಯ ಹೆಸರನ್ನೂ ಕೇಳದಿದ್ದ ಲಕ್ಷಾಂತರ ಜನರಿಗೆ ಅದನ್ನು ಮುಟ್ಟಿಸಿದ್ದು ಅದೇ. ಚಿತ್ರ ಮುಗಿಲೇರಿದಾಗ ಸರಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸಿತು. ಒಂದು ಕಲೆಗೆ ಇಷ್ಟು ದಕ್ಕಿಸಿಕೊಟ್ಟ ಚಿತ್ರದ ಬಗ್ಗೆ ಕೊಂಕು ನುಡಿಯಲು ಸಂಕೋಚವಾಗುತ್ತದೆ. ಆದರೂ ಹೇಳಬೇಕು. ಭೂಮಿಯನ್ನು ಮರಳಿ ಕೇಳಲು ಬಂದ ಅರಸುಮನೆಯವನಿಗೆ ದೈವ ನ್ಯಾಯಾಲಯದ ಮೆಟ್ಟಿಲ ಮೇಲೆ ತೀರ್ಮಾನವೆಂದು ನುಡಿಯುತ್ತದೆ; ಅವನು ಆ ಮೆಟ್ಟಿಲ ಮೇಲೆಯೇ ರಕ್ತ ಕಾರಿ ಸಾಯುತ್ತಾನೆ. ಇಲ್ಲಿ ಕಥೆಗಾರನೇ ದೈವದ ಪರವಾಗಿ ಸಾಕ್ಷಿ ಹೇಳಿ, ತಾನೇ ತೀರ್ಪನ್ನೂ ಬರೆದಂತಾಯಿತು. ಮುದುಕಿ ಎದ್ದು ಕೇಳುವುದಕ್ಕೆ ಜಾಗವೆಲ್ಲಿ? ಶಂಕಿಸಿದವನು ಸಾಯಬೇಕಾದ ಕಡೆ ಭಯ ಹುಟ್ಟೀತು, ವಿಚಾರ ಹುಟ್ಟದು. ಕೊನೆಯಲ್ಲಿ ದೈವ ಮಾತೇ ಆಡದೆ ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಕೂಡಿಸಿ ಎದೆಗೆಳೆದುಕೊಳ್ಳುವ ದೃಶ್ಯ ಇದಕ್ಕಿಂತ ಎಷ್ಟೋ ಮೇಲು. ಅಲ್ಲಿ ಯಾವ ಪವಾಡವೂ ಇಲ್ಲ. ಕೋಲದ ಅಂಗಳಕ್ಕೆ ಹೋಗಿ ಬಂದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಇದೆಲ್ಲ ಬರಿಯ ರಸವಿಚಾರವಲ್ಲ. ನಮ್ಮ ನೆರೆಮನೆಯೊಂದರಲ್ಲಿ ಬಾಣಂತಿ ಸೊಸೆ ನಿದ್ದೆಯಿಲ್ಲದೆ, ಮಗುವನ್ನು ಮುಟ್ಟದೆ, ಗೋಡೆ ನೋಡುತ್ತ ಕೂರತೊಡಗಿದಳು. ದರ್ಶನದವರನ್ನು ಕೇಳಿದರು, ಮದುವೆಯಾಗದೆ ಸತ್ತ ನಾದಿನಿಯ ಕುಲೆ ಎಂದು ನುಡಿಯಾಯಿತು. ಕುಲೆಗೆ ವರ ಹುಡುಕಿ, ಮದಿಮೆ ಮುಗಿಸುವಷ್ಟರಲ್ಲಿ ಎಂಟು ತಿಂಗಳು ಹೋಯಿತು. ಸೊಸೆ ಮತ್ತಷ್ಟು ಇಳಿದಳು. ಕೊನೆಗೆ ಮಂಗಳೂರಿನ ವೈದ್ಯರ ಮಾತ್ರೆ, ಆರೈಕೆಗಳಿಂದ ಗುಣವಾದಳು. ಆದರೆ ಮದಿಮೆಯ ದಿನ ಆ ಅತ್ತೆ, ಮಗಳು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಅವಳ ಹೆಸರು ಹಿಡಿದು ಬಾಯಿಬಿಟ್ಟು ಅತ್ತದ್ದನ್ನು ನಾನು ಕಂಡಿದ್ದೇನೆ. ದರ್ಶನದವನು ಆ ಮನೆಯಲ್ಲಿ ಹುದುಗಿದ್ದ ಒಂದು ದುಃಖವನ್ನು ಸರಿಯಾಗಿಯೇ ಗುರುತಿಸಿದ್ದ. ಅದನ್ನು ಅತ್ತೆಯ ಎದೆಯಲ್ಲಿ ಕಾಣುವ ಬದಲು ಸೊಸೆಯ ಮೈಯಲ್ಲಿ ಕಂಡ. ಒಂದು ತಾಯಿಯ ಎಂಟು ತಿಂಗಳು, ಒಂದು ಕೂಸಿನ ಎಂಟು ತಿಂಗಳು ಆ ತಪ್ಪಿಗೆ ತೆತ್ತ ಬೆಲೆ. ದೆವ್ವ ಬಿಡಿಸುವ ನೆವದಲ್ಲಿ ಹೊಡೆದು ಹಿಂಸಿಸುವುದನ್ನು ಅಪರಾಧವೆಂದ ನಮ್ಮ ಕಾನೂನು 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂತು. ಆ ಮನೆಯಲ್ಲಿ ಯಾರೂ ಸೊಸೆಗೆ ಒಂದು ಏಟು ಹೊಡೆದಿರಲಿಲ್ಲ. ಹೊಡೆಯದೆ ಕಳೆದ ಎಂಟು ತಿಂಗಳನ್ನು ತಡೆಯುವುದು ಯಾವ ಕಲಮಿಗೂ ಆಗದ ಮಾತು. ಮನೆಯವರೇ ಯಾರಾದರೂ ಎದ್ದು ಕೇಳಬೇಕಾಗಿತ್ತು.

ಮಿತ್ರರಿಗೆ ನಾನು ಬರೆದ ಉತ್ತರ ಚಿಕ್ಕದು: "ದೆವ್ವ ಇಲ್ಲವೆಂದೇ ನನ್ನ ಎಣಿಕೆ. ಆದರೆ ಆ ಜಾಹೀರಾತು ಕೊಟ್ಟ ತಾಯಿತಂದೆಯರು ಇದ್ದಾರೆ. 30 ವರ್ಷವಾದರೂ ಮಗಳ ಮದುವೆಯ ಯೋಚನೆ ಅವರನ್ನು ಬಿಟ್ಟಿಲ್ಲ. ನಗುವ ಮೊದಲು ಅಷ್ಟನ್ನು ನೆನೆಯಿರಿ. ಮದಿಮೆ ಮಾಡಿಕೊಳ್ಳಲಿ, ಮನೆಯಲ್ಲಿ ಯಾರಿಗಾದರೂ ಮೈಗೆ ಹುಷಾರಿಲ್ಲದಿದ್ದರೆ ಮಾತ್ರ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಲಿ."