ಐಟ್ಯೂನ್ಸ್ ಭಂಡಾರದ ಕಡತವೂ ಅದನ್ನು ಓದುವ ಕ್ರಮವೂ

ಐಟ್ಯೂನ್ಸ್ ಎಂಬ ತಂತ್ರಾಂಶವು ತನ್ನ ಸಂಗೀತಭಂಡಾರದ ವಿವರಗಳನ್ನು ಬರೆದಿಡುವ ಎಕ್ಸ್‌ಎಂಎಲ್ ಕಡತವನ್ನು ಪೈಥಾನ್, ಪರ್ಲ್ ಮೊದಲಾದ ಸ್ಕ್ರಿಪ್ಟಿಂಗ್ ಭಾಷೆಗಳ ಮೂಲಕ ಓದುವ ಪ್ರಯತ್ನಗಳು ಅನೇಕವಾಗಿ ನಡೆದಿವೆ. ಈ ವಿಚಾರದಲ್ಲಿ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ ಒಂದೇ: ಕಡತ ಬಹು ದೊಡ್ಡದು, ಆದುದರಿಂದ ಓದುವುದು ಕಷ್ಟ ಎಂಬುದು. ಈ ಅಭಿಪ್ರಾಯ ನಮಗೆ ಸಮರ್ಪಕವಾಗಿ ತೋರುವುದಿಲ್ಲ. ಕಡತದ ನಿಜವಾದ ತೊಡಕು ಅದರ ರಚನೆಯಲ್ಲಿಯೂ, ಅದು ಹೇಳದೆ ಬಿಡುವ ಸಂಗತಿಗಳಲ್ಲಿಯೂ ಇದೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಆಪಲ್ ಸಂಸ್ಥೆಯು ಐಟ್ಯೂನ್ಸನ್ನು ೨೦೦೧ರ ಜನವರಿಯಲ್ಲಿ ಪ್ರಕಟಿಸಿತು. ಭಂಡಾರದ ಮೂಲದಾಖಲೆ ಆ ತಂತ್ರಾಂಶಕ್ಕೆ ಮಾತ್ರ ತಿಳಿಯುವ ರೂಪದಲ್ಲಿರುತ್ತಿತ್ತು. ಇತರ ತಂತ್ರಾಂಶಗಳ ಉಪಯೋಗಕ್ಕಾಗಿ ಎಕ್ಸ್‌ಎಂಎಲ್ ಪ್ರತಿಯೊಂದು ಸಿದ್ಧವಾಗುತ್ತಿತ್ತು. ಹಾಡಿನ ಹೆಸರು, ಕಲಾವಿದರ ಹೆಸರು ಮುಂತಾದುವು ಧ್ವನಿಕಡತಗಳಲ್ಲಿಯೇ ಸಾಮಾನ್ಯವಾಗಿ ದೊರೆಯುತ್ತವೆ. ಆದರೆ ಒಂದು ಹಾಡನ್ನು ಎಷ್ಟು ಸಲ ಕೇಳಲಾಯಿತು, ಯಾವ ದಿನ ಅದು ಭಂಡಾರಕ್ಕೆ ಸೇರಿತು, ಯಾವ ಹಾಡಿನ ಬಳಿಕ ಯಾವುದನ್ನು ಜೋಡಿಸಲಾಯಿತು ಎಂಬ ವಿವರಗಳಿಗೆ ಭಂಡಾರದ ದಾಖಲೆಯೇ ಆಧಾರ. ೨೦೧೯ರಲ್ಲಿ ಮ್ಯಾಕ್ ಯಂತ್ರಗಳಲ್ಲಿ ಐಟ್ಯೂನ್ಸಿನ ಸ್ಥಾನಕ್ಕೆ ಮ್ಯೂಸಿಕ್ ಎಂಬ ತಂತ್ರಾಂಶ ಬಂದಮೇಲೆ ಈ ಪ್ರತಿ ತಾನಾಗಿ ಸಿದ್ಧವಾಗುವುದು ಅಲ್ಲಿ ನಿಂತಿತು. ಬೇಕಾದವರು ಕೇಳಿ ಪಡೆಯಬೇಕು. ಹೀಗಾಗಿ ಹಳೆಯ ಭಂಡಾರಗಳ ಮಟ್ಟಿಗೆ ಉಳಿದಿರುವ ಪ್ರತಿಯನ್ನು ತಪ್ಪಾಗಿ ಓದಿದರೆ, ಒಬ್ಬ ಶ್ರೋತೃವಿನ ಅನೇಕ ವರ್ಷಗಳ ಅಭಿರುಚಿಯ ದಾಖಲೆ ಕೆಡುತ್ತದೆ.

ಇನ್ನು ರಚನೆಯ ವಿಚಾರ. ೧೯೯೮ರಲ್ಲಿ ಮಾನಕವಾಗಿ ಅಂಗೀಕೃತವಾದ ಎಕ್ಸ್‌ಎಂಎಲ್‌ನ ಶಕ್ತಿಯಿರುವುದು ಗುರುತುಪಟ್ಟಿಗಳ ಹೆಸರಿನಲ್ಲಿ. ಪಟ್ಟಿಯ ಹೆಸರೇ ಒಳಗಿರುವ ವಸ್ತುವಿನ ಅರ್ಥವನ್ನು ತಿಳಿಸಬೇಕು. ಪ್ರಸ್ತುತ ಕಡತವು ಪ್ರಾಪರ್ಟಿ ಲಿಸ್ಟ್ ಎಂಬ ಸಾಮಾನ್ಯ ರೂಪದಲ್ಲಿರುವುದರಿಂದ ಇಲ್ಲಿಯ ಪಟ್ಟಿಗಳು ಸ್ಟ್ರಿಂಗ್, ಇಂಟಿಜರ್, ಡೇಟ್ ಎಂದು ಜಾತಿಯನ್ನು ಮಾತ್ರ ಹೇಳುತ್ತವೆ. ಅದು ಹಾಡಿನ ಹೆಸರೋ ರಚಕರ ಹೆಸರೋ ಎಂಬುದು ಅದಕ್ಕೆ ಮುಂಚೆ ಬರುವ ಕೀ ಎಂಬ ಪಟ್ಟಿಯ ಒಳಮಾತಿನಿಂದ ತಿಳಿಯಬೇಕು. ಇವೆರಡಕ್ಕೂ ಇರುವ ಸಂಬಂಧ ನೆರೆಹೊರೆಯ ಸಂಬಂಧವೇ ಹೊರತು ಬೇರೆಯಲ್ಲ. ವಿಭಕ್ತಿಪ್ರತ್ಯಯಗಳಿಂದ ಅನ್ವಯ ತಿಳಿಯುವ ಕನ್ನಡದಂಥ ಭಾಷೆಗೂ, ಪದಗಳ ಸ್ಥಾನದಿಂದಲೇ ಅನ್ವಯ ತಿಳಿಯಬೇಕಾದ ಭಾಷೆಗೂ ಇರುವ ವ್ಯತ್ಯಾಸವನ್ನು ಇದಕ್ಕೆ ಹೋಲಿಸಬಹುದು.

ಓದುವ ಕ್ರಮಗಳಲ್ಲಿ ಮೊದಲನೆಯದು, ಕಡತವನ್ನು ಸಾಲುಸಾಲಾಗಿ ತೆಗೆದುಕೊಂಡು ರೆಗ್ಯುಲರ್ ಎಕ್ಸ್‌ಪ್ರೆಷನ್ನುಗಳಿಂದ ಹೆಕ್ಕುವುದು. ಕೀ ಮತ್ತು ಅದರ ಬೆಲೆ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿರುವುದರಿಂದ ಇದು ಮೊದಲ ನೋಟಕ್ಕೆ ಫಲಕಾರಿಯಾಗಿ ಕಾಣುತ್ತದೆ. ಟಿಪ್ಪಣಿಯ ಅಂಕಣದಲ್ಲಿ ಯಾರಾದರೂ ಎರಡು ಸಾಲು ಬರೆದಿದ್ದರೆ ಕ್ರಮ ಮುರಿಯುತ್ತದೆ. ಸಂಕೇತರೂಪದಲ್ಲಿ ಬರೆದ ಚಿಹ್ನೆಗಳೂ ಹಾಗೆಯೇ ಉಳಿದು ಹೆಸರುಗಳನ್ನು ಕೆಡಿಸುತ್ತವೆ. ಎರಡನೆಯದು, ಮಿನಿಡಾಮ್‌ನಂಥ ಸಾಧನದಿಂದ ಇಡೀ ಕಡತವನ್ನು ವೃಕ್ಷವಾಗಿ ಕಟ್ಟುವುದು. ಪ್ರತಿಯೊಂದು ಪಟ್ಟಿಯೂ, ಪಟ್ಟಿಗಳ ನಡುವಿನ ಬರಿಯ ಜಾಗವೂ ಇಲ್ಲಿ ಒಂದೊಂದು ವಸ್ತುವಾಗುವುದರಿಂದ ಮೆಮೊರಿ ವೃಥಾ ವ್ಯಯವಾಗುತ್ತದೆ. ಗಾತ್ರದ ಆಕ್ಷೇಪಕ್ಕೆ ಅವಕಾಶವಿರುವುದು ಇಲ್ಲಿ.

ಮೂರನೆಯದು, ಎಲಿಮೆಂಟ್‌ಟ್ರೀಯ ಇಟರ್‌ಪಾರ್ಸ್ ಮೂಲಕ ಪಟ್ಟಿಗಳು ಮುಗಿದಂತೆಲ್ಲ ಅವುಗಳನ್ನು ಗ್ರಹಿಸಿ ಬಿಡುತ್ತಾ ಹೋಗುವುದು. ಈ ಕ್ರಮ ಶ್ಲಾಘ್ಯವಾದರೂ ಎಚ್ಚರವನ್ನು ಬೇಡುತ್ತದೆ. ಹಾಡಿಗೂ, ಹಾಡುಗಳ ಸಮೂಹಕ್ಕೂ, ಪ್ಲೇಲಿಸ್ಟಿನ ಒಂದೊಂದು ಅಂಶಕ್ಕೂ ಡಿಕ್ಟ್ ಎಂಬ ಒಂದೇ ಹೆಸರಿರುವುದರಿಂದ ಆಳವನ್ನು ಎಣಿಸುತ್ತಾ ಹೋಗದೆ ಅವುಗಳ ಭೇದ ತಿಳಿಯದು. ಅಲ್ಲದೆ, ಮುಗಿದ ಪ್ರತಿಯೊಂದು ಪಟ್ಟಿಯನ್ನೂ ಕೂಡಲೆ ಅಳಿಸಿದರೆ, ಹಾಡಿನ ಡಿಕ್ಟ್ ಮುಗಿಯುವ ವೇಳೆಗೆ ಅದರ ಮಕ್ಕಳೆಲ್ಲ ಬರಿದಾಗಿರುತ್ತವೆ. ನಾಲ್ಕನೆಯದು ಪಿಲಿಸ್ಟ್‌ಲಿಬ್. ೨೦೦೮ರ ಪೈಥಾನ್ ೨.೬ರಿಂದ ಇದು ಎಲ್ಲ ಯಂತ್ರಗಳಲ್ಲಿಯೂ ಭಾಷೆಯೊಡನೆಯೇ ದೊರೆಯುತ್ತದೆ. ಇದು ನಡುವೆ ವೃಕ್ಷವನ್ನು ಕಟ್ಟದೆ, ಕೀ ಮತ್ತು ಬೆಲೆಗಳನ್ನು ನೇರವಾಗಿ ಜೋಡಿಸಿ, ದಿನಾಂಕವನ್ನು ದಿನಾಂಕವಾಗಿಯೇ ಒಪ್ಪಿಸುತ್ತದೆ. ಹಲವು ಸಾವಿರ ಹಾಡುಗಳ ಭಂಡಾರ ಇಂದಿನ ಯಂತ್ರಗಳಿಗೆ ಭಾರವಲ್ಲವಾದುದರಿಂದ ಸಾಮಾನ್ಯ ಉಪಯೋಗಕ್ಕೆ ಇದೇ ಯುಕ್ತವೆಂದು ನಮ್ಮ ಅಭಿಪ್ರಾಯ.

ಆದರೆ ಪಿಲಿಸ್ಟ್‌ಲಿಬ್ ಪರಿಹರಿಸುವುದು ಅಕ್ಷರಾರ್ಥವನ್ನು ಮಾತ್ರ. ತಾತ್ಪರ್ಯನಿರ್ಣಯ ಓದುವವನಿಗೇ ಸೇರಿದ್ದು. ಮೊದಲನೆಯದಾಗಿ, ಈ ಕಡತದಲ್ಲಿ ಅಭಾವವೂ ಅರ್ಥವುಳ್ಳದ್ದು. ಒಮ್ಮೆಯೂ ಕೇಳದ ಹಾಡಿಗೆ ‘ಪ್ಲೇ ಕೌಂಟ್’ ಎಂಬ ಕೀ ಇರುವುದೇ ಇಲ್ಲ. ಆ ಕೀ ಇರುವ ಹಾಡುಗಳಿಂದ ಮಾತ್ರ ಸರಾಸರಿ ತೆಗೆದವನು ಕೇಳದೆ ಬಿಟ್ಟವುಗಳನ್ನೆಲ್ಲ ಲೆಕ್ಕದಿಂದ ಹೊರಗಿಟ್ಟಂತಾಗುತ್ತದೆ. ಎರಡನೆಯದಾಗಿ, ನಕ್ಷತ್ರವೊಂದಕ್ಕೆ ೨೦ರಂತೆ ೧೦೦ರವರೆಗೆ ‘ರೇಟಿಂಗ್’ ಬರೆಯಲ್ಪಡುತ್ತದೆ. ‘ರೇಟಿಂಗ್ ಕಂಪ್ಯೂಟೆಡ್’ ಎಂಬ ಕೀ ಜೊತೆಗಿದ್ದರೆ ಆ ಬೆಲೆ ತಂತ್ರಾಂಶವೇ ಊಹಿಸಿದ್ದು. ಇದನ್ನು ಗಮನಿಸದವನು ಶ್ರೋತೃ ಕೊಡದ ತೀರ್ಪನ್ನು ಅವನ ಮೇಲೆ ಆರೋಪಿಸುತ್ತಾನೆ. ಮೂರನೆಯದಾಗಿ, ‘ಪ್ಲೇ ಡೇಟ್’ ಎಂಬ ಸಂಖ್ಯೆ ೧೯೦೪ರ ಜನವರಿ ೧ರಿಂದ ಎಣಿಸಿದ ಸೆಕೆಂಡುಗಳ ಲೆಕ್ಕ. ಅದನ್ನು ೧೯೭೦ರಿಂದ ಎಣಿಸುವ ರೂಢಿಗೆ ಅನುಸಾರವಾಗಿ ಓದಿದರೆ ಕೇಳಿದ ದಿನ ೬೬ ವರ್ಷ ಮುಂದೆ ಹೋಗಿ ನಿಲ್ಲುತ್ತದೆ. ಪಕ್ಕದಲ್ಲಿಯೇ ‘ಪ್ಲೇ ಡೇಟ್ ಯುಟಿಸಿ’ ಎಂಬ ಸ್ಪಷ್ಟವಾದ ದಿನಾಂಕವಿರುವಾಗ ಅದನ್ನೇ ಆಶ್ರಯಿಸುವುದು ಲೇಸು.

ಕನ್ನಡದಲ್ಲಿ ಹೆಸರಿಟ್ಟ ಕಡತಗಳಲ್ಲಿ ಮತ್ತೊಂದು ಪಾಠಾಂತರ ಸಮಸ್ಯೆ ಏಳುತ್ತದೆ. ‘ತೋಡಿ’ ಎಂಬ ಹೆಸರನ್ನು ಯೂನಿಕೋಡಿನಲ್ಲಿ ನಾಲ್ಕು ಸಂಕೇತಗಳಾಗಿ ಬರೆಯಬಹುದು. ಓಕಾರದ ಚಿಹ್ನೆಯನ್ನು ಎಕಾರ, ಊಕಾರ, ದೀರ್ಘ ಎಂಬ ಮೂರು ಚಿಹ್ನೆಗಳಾಗಿ ಬಿಡಿಸಿ ಆರು ಸಂಕೇತಗಳಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಕಡತವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಬಿಡಿಸಿದ ರೂಪವನ್ನೇ ಇಟ್ಟುಕೊಳ್ಳುತ್ತದೆ. ಆದುದರಿಂದ ಹಾಡಿನ ಹೆಸರಿನಲ್ಲಿ ಒಂದು ರೂಪವೂ, ಕಡತವಿರುವ ಸ್ಥಳವನ್ನು ಹೇಳುವ ‘ಲೊಕೇಷನ್’ ಅಂಕಣದಲ್ಲಿ ಇನ್ನೊಂದು ರೂಪವೂ ಇರಬಹುದು. ಆ ಅಂಕಣದಲ್ಲಿ ಪ್ರತಿ ಬೈಟೂ ಶೇಕಡ ಚಿಹ್ನೆಯೊಡನೆ ಮೂರಕ್ಷರವಾಗುವುದರಿಂದ ಮೊದಲ ರೂಪಕ್ಕೆ ೩೬, ಎರಡನೆಯದಕ್ಕೆ ೫೪ ಅಕ್ಷರಗಳು ಬೇಕಾಗುತ್ತವೆ. ಕಣ್ಣಿಗೆ ಒಂದೇ ಆದ ಇವು ಯಂತ್ರಕ್ಕೆ ಬೇರೆ ಬೇರೆ. ಹೋಲಿಸುವ ಮುನ್ನ ಎರಡನ್ನೂ ಏಕರೂಪಕ್ಕೆ ತರುವುದು ಅವಶ್ಯ. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಎಂಬ ಭಾಗ ಈ ಕೆಲಸವನ್ನು ಮಾಡುತ್ತದೆ.

ಪ್ರಾಪರ್ಟಿ ಲಿಸ್ಟಿನ ಪರವಾಗಿಯೂ ಹೇಳತಕ್ಕ ಮಾತುಂಟು. ಯಾವ ವಿಷಯವನ್ನಾದರೂ ತುಂಬಿಕೊಳ್ಳಬಲ್ಲ ಸಾಮಾನ್ಯರೂಪವಾದುದರಿಂದಲೇ ಅದಕ್ಕೆ ಪಿಲಿಸ್ಟ್‌ಲಿಬ್‌ನಂಥ ಸಿದ್ಧಸಾಧನ ದೊರೆಯಲು ಸಾಧ್ಯವಾಯಿತು. ಆದರೆ ಈ ಸಾಮಾನ್ಯತೆಯ ಬೆಲೆಯನ್ನು ತೆರುವವನು ಬರೆದವನಲ್ಲ, ಓದುವವನು. ಸ್ಕ್ರಿಪ್ಟಿನ ವೇಗವನ್ನೂ ಮೆಮೊರಿಯ ಮಿತವ್ಯಯವನ್ನೂ ಕುರಿತು ನಡೆಯುವ ಚರ್ಚೆಯಲ್ಲಿ ಅರ್ಧದಷ್ಟಾದರೂ ಪ್ರತಿಯೊಂದು ಕೀಯ ಅರ್ಥನಿರ್ಣಯಕ್ಕೆ ಮೀಸಲಾದರೆ, ಇಂಥ ಕಡತಗಳಿಂದ ತೆಗೆದ ಲೆಕ್ಕಗಳನ್ನು ನಂಬಲು ಆಧಾರ ದೊರೆತೀತೆಂದು ನಾವು ಭಾವಿಸುತ್ತೇವೆ.